ಫ್ರಿಜ್‌ನಲ್ಲಿಟ್ಟ ದ್ರಾಕ್ಷಿ ಕಡ್ಡಿಗಳು

ದುಬೈಯ ಮಿರ್ದಿಫ್‌ನ ನಮ್ಮ ಬಾಡಿಗೆ ವಿಲ್ಲಾದಲ್ಲಿದ್ದಾಗ, ಫ್ರಿಜ್‌ನ ಕೆಳಗಿನ ತರಕಾರಿ ಡ್ರಾಯರಿನಲ್ಲಿ ಬಹಳ ತಿಂಗಳು ದ್ರಾಕ್ಷಿಬಳ್ಳಿಯ ಕಡ್ಡಿಗಳಿದ್ದವು. ಪೆನ್ಸಿಲ್ಲಿನ ದಪ್ಪ, ಒಂದು ಮೊಳ ಉದ್ದ, ಅಲ್ಲಲ್ಲಿ ಗಿಣ್ಣು. ಒದ್ದೆ ಪೇಪರಿನಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಚೀಲ ಹಾಕಿ, ಕರಿಬೇವು ಹಸಿಮೆಣಸಿನಕಾಯಿಗಳ ಪಕ್ಕ ಮಲಗಿಸಿದ್ದೆ. ಮನೆಗೆ ಬಂದ ನೆಂಟರು ಡ್ರಾಯರ್ ಎಳೆದಾಗಲೆಲ್ಲ, "ಅಯ್ಯೋ, ನುಗ್ಗೆಕಾಯಿ ಎಲ್ಲಾ ಒಣಗಿಹೋಗಿದೆಯಲ್ರೀ" ಅನ್ನುತ್ತಿದ್ದರು. ನಾನು ನಕ್ಕು ಡ್ರಾಯರ್ ಮುಚ್ಚುತ್ತಿದ್ದೆ.

ಕಡ್ಡಿಗಳು ಎದುರು ವಿಲ್ಲಾದ ಗೆಳತಿಯವು. ಆಕೆ ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಮನೆಯವಳು. ಗಂಡ ಇಂಗ್ಲೆಂಡಿನವನು, ವಿಮಾನ ರಿಪೇರಿಯ ಇಂಜಿನಿಯರ್. ಮದುವೆಯಾಗಿ ಇಂಗ್ಲೆಂಡಿನ ದಕ್ಷಿಣದ ಒಂದು ಹಳ್ಳಿಗೆ ಹೋದವಳು, ಅಲ್ಲಿ ಕೆಲವು ವರ್ಷ ಇದ್ದು, ಆಮೇಲೆ ಗಂಡನ ನೌಕರಿಯ ಜೊತೆ ದುಬೈಗೆ ಬಂದಿದ್ದಳು. ಮೊದಲ ಸಲ ನಮ್ಮ ಬಾಗಿಲು ತಟ್ಟಿದ್ದು ಕರಿಬೇವಿಗೆ. ಕುಂಡದಲ್ಲಿದ್ದ ನನ್ನ ಗಿಡದಿಂದ ಎಲೆ ಕೀಳುವಾಗ ಆಕೆ ಕೊಂಬೆಯನ್ನು ಬಗ್ಗಿಸಿದ ರೀತಿ ನನ್ನ ಕಣ್ಣಿಗೆ ಬಿತ್ತು. ಮುರಿಯಲಿಲ್ಲ, ಎಳೆಯಲಿಲ್ಲ. ಎಲ್ಲಿ ಗಿಣ್ಣಿದೆ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಅದರ ಮೇಲೆ ಚಿವುಟಿದಳು.

"ಗಿಡ ಗೊತ್ತು ನಿಮಗೆ" ಅಂದೆ.

"ಗಿಡ ಅಲ್ಲ ಮಾರಾಯ್ರೆ, ಬಳ್ಳಿ. ದ್ರಾಕ್ಷಿ ಬಳ್ಳಿ. ನಮ್ಮ ಮಾವನದ್ದು ವೈನ್ ತೋಟ ಉಂಟು."

ಸಂಜೆ ನಮ್ಮವರಿಗೆ ಹೇಳಿದರೆ ಅವರು ಟೈ ಸಡಿಲಿಸುತ್ತಾ ನಕ್ಕರು. "ಇಂಗ್ಲೆಂಡಲ್ಲಿ ದ್ರಾಕ್ಷಿ ತೋಟಾನಾ? ಊಟೀಲಿ ತೆಂಗು ಹಾಕಿದ ಹಾಗೆ ಕಣೇ."

ನನಗೂ ಹಾಗೇ ಅನ್ನಿಸಿತ್ತು. ದ್ರಾಕ್ಷಿ ಎಂದರೆ ನಮಗೆ ಬಿಸಿಲಿನ ಬೆಳೆ. ವೈನ್ ಎಂದರೆ ಅದೂ ಗೊತ್ತಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಚಾಪೆಲ್‌ನ ಹಿತ್ತಾಳೆ ಸಾಮಾನು ಉಜ್ಜಲು ಸಿಸ್ಟರ್‌ಗಳು ನಮ್ಮಂಥ ಮೆತ್ತಗಿನ ಹುಡುಗಿಯರನ್ನು ಕಳಿಸುತ್ತಿದ್ದರು. ಅಲ್ಲಿನ ಬೀರುವಿನ ಬಾಗಿಲು ತೆರೆದಾಗ ಹುಳಿಹುಳಿಯಾದ ಒಂದು ವಾಸನೆ ಬರುತ್ತಿತ್ತು. ವೈನ್ ಬಗ್ಗೆ ನನ್ನ ತಿಳಿವಳಿಕೆ ಅಷ್ಟೇ. ಇವತ್ತಿಗೂ ಅದರ ರುಚಿ ನೋಡಿಲ್ಲ. ಆದರೆ ಒಂದು ವೈನ್ ತೋಟ ಹೇಗೆ ಸಾಯುತ್ತದೆ ಎಂಬುದನ್ನು ಎದುರು ಮನೆಯಲ್ಲಿ ಕೂತು ಒಂದು ವರ್ಷ ನೋಡಿದೆ.

ಮಾವನಿಗೆ ಮೊದಲು ಸೇಬಿನ ತೋಟವಿತ್ತಂತೆ. ಸೇಬು ಗಿಟ್ಟದೆ ಹೋದಾಗ ಮರಗಳನ್ನು ಕಿತ್ತು, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ದ್ರಾಕ್ಷಿ ಹಾಕಿದ್ದರು. ಉತ್ತರದ ಚಳಿ ದೇಶಗಳಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ, ಆದ್ದರಿಂದ ನೆಲವೇ ಬಿಸಿಲಿನ ಕಡೆ ವಾಲಿರಬೇಕು ಎಂದು ಗೆಳತಿ ಅಂಗೈಯನ್ನು ಓರೆ ಮಾಡಿ ತೋರಿಸುತ್ತಿದ್ದಳು. ಚಳಿಗಾಲದಲ್ಲಿ ಬಳ್ಳಿ ಸವರುವುದು, ತಂತಿಗೆ ಕಟ್ಟುವುದು, ಅಕ್ಟೋಬರಿನಲ್ಲಿ ಕೊಯ್ಲು, ಎಲ್ಲವನ್ನೂ ಮಾವನ ಜೊತೆ ಮಾಡಿದವಳು. ಮಗನಿಗೆ ಯಂತ್ರ ಗೊತ್ತು, ಸೊಸೆಗೆ ಬಳ್ಳಿ ಗೊತ್ತು ಎಂದು ಆ ಮುದುಕ ಊರಿಗೆಲ್ಲ ಹೇಳುತ್ತಿದ್ದರಂತೆ. ಆದರೆ ಆ ತೋಟಕ್ಕೆ ಎರಡು ಸಂಸಾರ ಸಾಕುವ ಶಕ್ತಿ ಇರಲಿಲ್ಲ. ಅದಕ್ಕೇ ದುಬೈ.

"ತೋಟ ತನ್ನ ಕಾಲ ಮೇಲೆ ನಿಂತ ಕೂಡ್ಲೆ ನಾವು ಇಲ್ಲಿಂದ ಹೊರಡುದೇ" ಎಂದು ಆಕೆ ಹೇಳುತ್ತಿದ್ದಳು. ಅವರ ಮನೆಯಲ್ಲಿ ಒಂದು ಪರದೆಯನ್ನೂ ಹೊಲಿಸಿರಲಿಲ್ಲ. ಕಿಟಕಿಗಳಿಗೆ ಬೆಡ್‌ಶೀಟ್ ಸಿಕ್ಕಿಸಿದ್ದರು.

ಆಕೆಯ ಹತ್ತಿರ ಒಂದು ಪುಟ್ಟ ಕೊಳವೆ ಇತ್ತು. ಒಂದು ತುದಿಯಲ್ಲಿ ಗಾಜಿನ ಮುಚ್ಚಳ, ಇನ್ನೊಂದು ತುದಿಯಲ್ಲಿ ಕಣ್ಣಿಡುವ ಜಾಗ. ಗಾಜಿನ ಮೇಲೆ ದ್ರಾಕ್ಷಿರಸದ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ, ಒಳಗೆ ನೀಲಿ ಬಿಳಿ ಕೂಡುವ ಗೆರೆಯ ಹತ್ತಿರ ಸಕ್ಕರೆ ಎಷ್ಟಿದೆ ಎಂಬ ಅಂಕಿ ಕಾಣುತ್ತದೆ. ನಮ್ಮ ಗಲ್ಲಿಯ ಗ್ರೋಸರಿಯ ಬ್ಯಾರಿ ಹುಡುಗ ಒಮ್ಮೆ ದ್ರಾಕ್ಷಿಯ ಪೆಟ್ಟಿಗೆ ತಂದಾಗ ಆಕೆ ನಮ್ಮ ಅಡುಗೆಮನೆಯಲ್ಲೇ ಇದ್ದಳು.

"ಅಕ್ಕ, ಇರಾನಿದು. ಬೆಲ್ಲ ಇದ್ದ ಹಾಗೆ ಉಂಟು" ಅಂದ ಅವನು.

"ನೋಡುವ" ಎಂದು ಇವಳು ಒಂದು ಹಣ್ಣು ಹಿಸುಕಿ ಕೊಳವೆಯನ್ನು ಕಿಟಕಿಗೆ ಹಿಡಿದಳು.

"ಇದೆಂತ, ಕಣ್ಣಿನ ಡಾಕ್ಟರದ್ದಾ?"

"ಹೌದಪ್ಪ. ದ್ರಾಕ್ಷಿಗೆ ಚಾಳೀಸು ಬಂದಿದೆಯಾ ಅಂತ ನೋಡುದು."

ಹುಡುಗ ನಗುತ್ತಾ ಹೋದ. ಗೆಳತಿ ಕೊಳವೆಯನ್ನು ನನ್ನ ಕೈಗೆ ಕೊಟ್ಟಳು. ಗೆರೆ ಇಪ್ಪತ್ತನ್ನು ದಾಟಿ ಮೇಲೆ ನಿಂತಿತ್ತು. "ನಮ್ಮಲ್ಲಿ ಹದಿನಾರು ಆದ್ರೆ ಮಾವ ಆವತ್ತು ಶೇವ್ ಮಾಡ್ಕೊಳ್ತಾರೆ" ಅಂದಳು. "ಇದನ್ನ ನೋಡಿದ್ರೆ ಕೂತು ಅಳ್ತಾರೆ."

"ಕಮ್ಮಿ ಬಿದ್ದರೆ ಸಕ್ಕರೆ ಸುರಿಯೋಕಾಗಲ್ವೇ? ಪಾಯಸಕ್ಕೆ ಸುರಿದ ಹಾಗೆ?"

"ಸ್ವಲ್ಪ ಸುರೀತಾರೆ. ಆದ್ರೆ ಒಳಗಿನ ಹುಳಿ ಎಲ್ಲಿಗೆ ಹೋಗ್ತದೆ ಹೇಳಿ?"

ಆ ವರ್ಷ ಮೇ ತಿಂಗಳು. ಇಲ್ಲಿ ಬೆಳಿಗ್ಗೆಯೇ ಬಾಗಿಲ ಹಿಡಿ ಕೈ ಸುಡುವಷ್ಟು ಕಾದಿರುತ್ತಿತ್ತು. ಸ್ಕೂಲ್ ಬಸ್ಸಿಗೆ ಮಕ್ಕಳನ್ನು ಹತ್ತಿಸಿ ನಾವಿಬ್ಬರೂ ಗೇಟಿನ ನೆರಳಲ್ಲಿ ನಿಂತಿದ್ದೆವು. ಅವರ ಮನೆಯೊಳಗೆ ಫೋನ್ ಹೊಡೆದುಕೊಂಡಿತು. ಆಕೆ ಓಡಿದಳು. ಅಲ್ಲಿ ಆಗಷ್ಟೇ ಬೆಳಕು ಹರಿಯುವ ಹೊತ್ತು. ಅಷ್ಟು ಬೇಗ ಮಾವ ಫೋನ್ ಮಾಡುವುದು ಒಂದೇ ಕಾರಣಕ್ಕೆ ಎಂದು ನನಗೂ ಅಷ್ಟರಲ್ಲಿ ಗೊತ್ತಾಗಿತ್ತು. ಹಿಮ ಬಿದ್ದಿತ್ತು. ವಸಂತದಲ್ಲಿ ಬಳ್ಳಿ ಚಿಗುರಿದ ಮೇಲೆ ಒಂದು ಮುಂಜಾವ ನೆಲ ಹೆಪ್ಪುಗಟ್ಟಿದರೆ ಸಾಕು, ಚಿಗುರು ಸತ್ತುಹೋಗುತ್ತದೆ. ಅದನ್ನು ತಡೆಯಲು ಸಾಲುಸಾಲುಗಳ ನಡುವೆ ಪೇಂಟ್ ಡಬ್ಬಿಯಂಥ ಡಬ್ಬಿಗಳಲ್ಲಿ ಮೇಣ ತುಂಬಿ ಹಚ್ಚಿಡುತ್ತಾರೆ. ಅದರ ಫೋಟೋ ಒಂದನ್ನು ಆಕೆ ತೋರಿಸಿದ್ದಳು. ಇಳಿಜಾರಿನ ತುಂಬ ದೀಪ, ನಮ್ಮ ದೀಪಾವಳಿಯ ಹಾಗೆ. ಎಷ್ಟು ಚೆಂದ ಎಂದಿದ್ದೆ. ಆಕೆ ಫೋಟೋ ವಾಪಸ್ ಇಟ್ಟುಕೊಂಡಿದ್ದಳು.

ಫೋನ್ ಇಟ್ಟು ಬಂದವಳು ನಮ್ಮ ಮೆಟ್ಟಿಲ ಮೇಲೆ ಕೂತಳು. ಬೆವರು ಹಣೆಯಿಂದ ಇಳಿಯುತ್ತಿತ್ತು.

"ದೀಪ ಹಚ್ಚಿದ್ರಂತೆ. ಕೆಳಗಿನ ಅರ್ಧಕ್ಕೆ ಸಾಕಾಗ್ಲಿಲ್ಲ. ಚಿಗುರೆಲ್ಲ ಕಪ್ಪಾಗಿದೆಯಂತೆ, ಚಾ ಸೊಪ್ಪಿನ ಹಾಗೆ."

"ಮತ್ತೆ ಚಿಗುರಲ್ವಾ?"

"ಚಿಗುರ್ತದೆ. ಗಿಣ್ಣಲ್ಲಿ ಇನ್ನೊಂದು ಮೊಗ್ಗು ಇರ್ತದೆ, ದೇವರು ಇಟ್ಟ ಸ್ಪೇರು. ಆದ್ರೆ ಗೊಂಚಲು ಕಮ್ಮಿ. ಅದೂ ತಡವಾಗಿ. ಅಕ್ಟೋಬರಲ್ಲಿ ಹಣ್ಣಾಗ್ಲಿಕ್ಕೆ ಬಿಸಿಲು ಬೇಕಲ್ಲ."

ಅವತ್ತು ಆಕೆ ಎಲ್ಲವನ್ನೂ ಹೇಳಿದಳು. ಗಂಡನ ಕಾಂಟ್ರಾಕ್ಟ್ ಬರುವ ವಸಂತಕ್ಕೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದು ಕಂಪನಿ ಹೇಳಿಯಾಗಿದೆ. ಮಾವನ ವೈನ್ ಕೊಳ್ಳುತ್ತಿದ್ದ ವ್ಯಾಪಾರಿ, ಹಿಂದಿನ ಎರಡು ವರ್ಷದ್ದು ಹುಳಿಯಾಯಿತು, ಈ ಸಲವೂ ಹಾಗೇ ಆದರೆ ನನಗೆ ಬೇಡ ಎಂದಿದ್ದಾನೆ. ಈ ಸಲದ ಹಣ್ಣು ಸರಿಬಂದರೆ ಇವರು ವಾಪಸ್ ಹೋಗಿ ತೋಟ ನೋಡಿಕೊಳ್ಳುವುದು. ಬಾರದಿದ್ದರೆ ಮಾವ ಬಳ್ಳಿಗಳನ್ನು ಕೀಳಿಸಿ ನೆಲವನ್ನು ಪಕ್ಕದವನ ಕುರಿಗಳಿಗೆ ಬಿಟ್ಟುಕೊಡುವುದು.

"ಹಾಗಾದ್ರೆ ನೀವು?"

"ನಾವಾ?" ಅಂದಳು. ಅಷ್ಟರಲ್ಲಿ ವಿಮಾನ ಬಂತು. ಮಿರ್ದಿಫ್‌ನಲ್ಲಿ ವಿಮಾನಗಳು ತಲೆಯ ಮೇಲೇ ಹಾಯುತ್ತಿದ್ದವು. ಮಾತು ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ಅಲ್ಲಿನವರಿಗೆಲ್ಲ ಅಭ್ಯಾಸ. ಆ ದಿನ ವಿಮಾನ ಹೋದ ಮೇಲೆ ಆಕೆ ಎದ್ದು ತನ್ನ ಗೇಟಿನ ಕಡೆ ನಡೆದಳು.

ಅಲ್ಲಿಂದ ಮುಂದೆ ನಮ್ಮ ಬೇಸಿಗೆಗೆ ಎರಡು ಹವಾಮಾನ. ಇಲ್ಲಿ ನಲ್ಲಿಯ ತಣ್ಣೀರೇ ಕೈಗೆ ತಾಳದು. ಒಗೆದ ಬಟ್ಟೆಗಳಲ್ಲಿ ಕೊನೆಯದನ್ನು ಹರವುವಷ್ಟರಲ್ಲಿ ಮೊದಲನೆಯದು ಒಣಗಿ ಗರಿಗರಿ. ಅಲ್ಲಿ ಜೂನ್ ಕೊನೆಯಲ್ಲಿ ಹೂ ಬಿಡುವ ವಾರ ತಣ್ಣಗಿನ ಮಳೆ. ಹೂವಿಗೆ ಚಳಿಯಾದರೆ ಕಾಯಿ ಕಚ್ಚುವುದಿಲ್ಲವಂತೆ. ಗೊಂಚಲಿನಲ್ಲಿ ಸಾಸಿವೆಯಷ್ಟು ಕಾಯಿ ಕೆಲವು, ಬಟಾಣಿಯಷ್ಟು ಕೆಲವು. ಆಕೆ ತಂತಿಯ ಮೇಲೆ ಗಂಡನ ಯೂನಿಫಾರ್ಮ್ ಹರವುತ್ತಾ, "ಈ ಒಂದು ಮಧ್ಯಾಹ್ನವನ್ನು ಪಾರ್ಸೆಲ್ ಮಾಡಿ ಕಳಿಸ್ಲಿಕ್ಕೆ ಆಗಿದ್ರೆ" ಅನ್ನುತ್ತಿದ್ದಳು. ಹೇಳಿ ಒಂದು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಅಷ್ಟು ಹೊತ್ತಿಗೆ ಆಕೆ ನನ್ನನ್ನು ನೀನು ಅನ್ನಲು ಶುರು ಮಾಡಿದ್ದಳು. ನಾನು ಮಾತ್ರ ನೀವು ಎನ್ನುತ್ತಲೇ ಉಳಿದೆ. ಸಿಸ್ಟರ್‌ಗಳು ಕಲಿಸಿದ್ದು ನಾಲಿಗೆ ಬಿಟ್ಟು ಹೋಗಲಿಲ್ಲ.

ಆಗಸ್ಟಿನಲ್ಲಿ ಅವರು ಅಲ್ಲಿಗೆ ಹೋಗಬೇಕೆಂದಿದ್ದರು. ಗಂಡನಿಗೆ ರಜೆ ಸಿಗಲಿಲ್ಲ.

ಅಕ್ಟೋಬರ್ ಬಂತು. ಮಾವ ದಿನವೂ ಸಾಲುಗಳ ನಡುವೆ ನಡೆದು, ಅಲ್ಲಿ ಇಲ್ಲಿ ಒಂದೊಂದು ಹಣ್ಣು ಕಿತ್ತು, ತಮ್ಮ ಕೊಳವೆಯಲ್ಲಿ ನೋಡಿ ಫೋನಿನಲ್ಲಿ ಅಂಕಿ ಹೇಳುತ್ತಿದ್ದರು. ಸ್ಕೂಲ್ ಬಸ್ ತಿರುವಿನಲ್ಲಿ ಕಾಣುವ ಮೊದಲು ಗೆಳತಿ ಅದನ್ನು ನನಗೆ ಹೇಳುತ್ತಿದ್ದಳು. "ಹದಿಮೂರು." ಇನ್ನೊಂದು ದಿನ, "ಹದಿಮೂರೂವರೆ." ಮಕ್ಕಳಿಗೂ ಅಭ್ಯಾಸವಾಗಿ, ನನ್ನ ಮಗಳು ಬಸ್ ಹತ್ತುವ ಮೊದಲು, "ಆಂಟಿ, ವಾಟ್ಸ್ ದ ನಂಬರ್ ಟುಡೇ?" ಎಂದು ಕೇಳುತ್ತಿದ್ದಳು. ಹದಿನಾಲ್ಕು ಆದ ದಿನ ಆಕೆ ನಮಗೆ ನೀರುದೋಸೆ ಮಾಡಿ ಕಳಿಸಿದಳು.

ಹದಿನೈದರ ಹತ್ತಿರ ಬಂದು ಅಂಕಿ ನಿಂತಿತು.

ಆ ಬೆಳಿಗ್ಗೆ ನಾನು ಆಕೆಯ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದೆ. ಗಂಡ ಕೆಲಸದಲ್ಲಿದ್ದ. ಮಾವನ ಫೋನ್ ಬಂತು. ಅವರಿಗೆ ಕೇಳಬೇಕಾಗಿದ್ದುದು ಇಷ್ಟೇ: ಕೊಯ್ಯಲು ಊರಿನವರು ಬರುವ ಶನಿವಾರ ಬಿಡುವಾಗಿದ್ದಾರೆ. ಈಗ ಕೊಯ್ದರೆ ಹಣ್ಣು ಆರೋಗ್ಯವಾಗಿದೆ, ಆದರೆ ಹುಳಿ. ಇನ್ನೊಂದು ವಾರ ಬಿಟ್ಟು, ಬಿಸಿಲು ಬಿದ್ದರೆ ಹದಿನಾರಾಗುತ್ತದೆ. ಮಳೆ ಬಿದ್ದರೆ ಹಣ್ಣು ಕೊಳೆಯುತ್ತದೆ. ರೇಡಿಯೋದವರು ಎರಡನ್ನೂ ಹೇಳುತ್ತಿದ್ದಾರೆ. ನೀನು ಹೇಳು ಮಗಳೇ, ನಿನ್ನ ಅಂದಾಜನ್ನು ನಾನು ನಂಬುತ್ತೇನೆ.

ಆಕೆ ವಯರಿಲ್ಲದ ಫೋನನ್ನು ಕಿವಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು. ಯೋಚಿಸುವಾಗ ಹಾಗೆ ಹೊರಗೆ ನಡೆಯುವುದು ಆಕೆಯ ರೂಢಿ. ಕಿಟಕಿಯಿಂದ ನನಗೆ ಕಾಣುತ್ತಿದ್ದಳು. ಹಿತ್ತಲ ಗೋಡೆ, ಮೇಲೆ ಒಂದು ಚೂರು ಮೋಡವಿಲ್ಲದ ಆಕಾಶ, ಮುಖದ ಮೇಲೆ ಬಿಸಿಲು. ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿಕೊಂಡಿದ್ದಳು. ಸ್ವಲ್ಪ ಹೊತ್ತು ಹಾಗೇ ನಿಂತು, ಇಂಗ್ಲಿಷಿನಲ್ಲಿ, ಬಹಳ ಪ್ರೀತಿಯಿಂದ, ಕಾಯೋಣ ಡ್ಯಾಡ್, ಬಿಸಿಲು ಬಂದೇ ಬರುತ್ತದೆ ಎಂದಳು.

ಒಳಗೆ ಬಂದು ನನ್ನ ಪಕ್ಕ ಕೂತು ಬಟಾಣಿಗೆ ಕೈ ಹಾಕಿದಳು. "ಕಾಯ್ಲಿಕ್ಕೆ ಹೇಳಿದೆ. ಸರಿ ಅಲ್ವಾ?"

ನನಗೇನು ಗೊತ್ತು. ದುಬೈಯಲ್ಲಿ ಎಂಟು ವರ್ಷ ಕಳೆದವಳು ನಾನು. ನಾಳೆ ಬಿಸಿಲು ಬರುತ್ತದೋ ಇಲ್ಲವೋ ಎಂದು ಒಂದು ದಿನವೂ ಯೋಚಿಸಿದವಳಲ್ಲ. "ಬರದೆ ಎಲ್ಲಿಗೆ ಹೋಗುತ್ತೆ" ಅಂದೆ.

ಶನಿವಾರ ಕಳೆಯಿತು. ಊರಿನವರು ಬೇರೆ ಕೆಲಸಕ್ಕೆ ಹೋದರು. ಭಾನುವಾರ ಅಲ್ಲಿ ಮಳೆ ಹಿಡಿಯಿತು. ಜೋರು ಮಳೆಯಲ್ಲ, ನಮ್ಮ ಕಡೆಯ ಜಡಿಯೂ ಅಲ್ಲ, ಒದ್ದೆ ಬಟ್ಟೆ ಮುಖಕ್ಕೆ ಹಾಕಿದ ಹಾಗೆ ಇರುತ್ತದಂತೆ, ಬಿಡುವುದೇ ಇಲ್ಲವಂತೆ. ಬಸ್ಸಿನ ಹತ್ತಿರ ನನ್ನ ಮಗಳು ನಂಬರ್ ಕೇಳಿದಳು. ಗೆಳತಿ ಅವಳ ವಾಟರ್ ಬಾಟಲಿನ ಪಟ್ಟಿ ಸರಿ ಮಾಡಿ, "ಇವತ್ತು ತಾತ ನೋಡ್ಲಿಲ್ಲ ಪುಟ್ಟ" ಅಂದಳು. ಮರುದಿನ ನಾನೇ ಮಗಳಿಗೆ ಕೇಳಬೇಡ ಎಂದು ಹೇಳಿದೆ.

ಹಣ್ಣಿನ ಮೇಲೆ ಬೂದಿಯಂಥ ಬೂಸು ಬಂತು. ಒಂದು ಹಣ್ಣಿಗೆ ಬಂದರೆ ಗೊಂಚಲಿಗೆಲ್ಲ. ಮಾವ ಒಬ್ಬರೇ ಎರಡು ದಿನ ಕತ್ತರಿ ಹಿಡಿದು ಚೆನ್ನಾಗಿದ್ದುದನ್ನು ಆರಿಸಿ ಕೊಯ್ದರಂತೆ. ಆಮೇಲೆ ಅರ್ಧ ತುಂಬಿದ ಬುಟ್ಟಿಗಳನ್ನು ಸಾಲಿನ ತುದಿಯಲ್ಲೇ ಬಿಟ್ಟು ಮನೆಗೆ ಹೋದರಂತೆ. ವ್ಯಾಪಾರಿ ಬಂದು ನೋಡುವ ಅಗತ್ಯವೇ ಬೀಳಲಿಲ್ಲ.

ಮಾವ ಆಕೆಗೆ ಒಂದು ಮಾತೂ ಅನ್ನಲಿಲ್ಲ. ಗಂಡನೂ ಅನ್ನಲಿಲ್ಲ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ಆಕೆ ನನಗೆ ಹೇಳಿದ್ದು ಊದ್ ಮೇಥಾದ ಚರ್ಚಿನ ಹೊರಗೆ. ಇಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಚರ್ಚಿನ ಪೂಜೆಯೂ ಅಂದೇ; ಅದಕ್ಕೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದಿದ್ದಳು. ಮಾಸ್ ಮುಗಿದು ಜನ ಸಮೋಸದ ಮೇಜಿನ ಕಡೆ ನಡೆಯುತ್ತಿದ್ದರು. ಎಂದಿನಂತೆ ಬೆಳ್ಳಗೆ ಬಿಸಿಲು.

"ನಾನು ಎಲ್ಲಿ ನಿಂತು ಹೇಳಿದೆ ನೋಡು" ಅಂದಳು. "ಅಲ್ಲಿದ್ದಿದ್ರೆ ಗಾಳಿಯ ವಾಸನೆಯಲ್ಲೇ ಗೊತ್ತಾಗ್ತಿತ್ತು. ಶನಿವಾರವೇ ಕೊಯ್ಯಿ ಅಂತಿದ್ದೆ. ಇಲ್ಲಿ ನಿಂತು ಬಿಸಿಲು ಬರ್ತದೆ ಅಂದೆ. ಇಲ್ಲಿಗೆ ಬಂತು."

ಆಕೆಯ ಕೈಯಲ್ಲಿದ್ದ ಬ್ಯಾಗನ್ನು ನಾನು ತೆಗೆದುಕೊಂಡೆ.

ಜನವರಿಯಲ್ಲಿ ಬಳ್ಳಿ ಕೀಳಿಸುವ ಮೊದಲು ಆಕೆ ಒಬ್ಬಳೇ ಹೋಗಿ ಬಂದಳು. ಬರುವಾಗ ಕೈಚೀಲದಲ್ಲಿ, ಸ್ವೆಟರಿನೊಳಗೆ, ಈ ಕಡ್ಡಿಗಳು. ಚಳಿಗಾಲದಲ್ಲಿ ಬಳ್ಳಿ ನಿದ್ದೆಯಲ್ಲಿರುತ್ತದೆ, ಆಗ ಕತ್ತರಿಸಿದ ಕಡ್ಡಿಯನ್ನು ತಂಪಿನಲ್ಲಿಟ್ಟರೆ ನಿದ್ದೆಯಲ್ಲೇ ಇರುತ್ತದೆ, ವಸಂತದಲ್ಲಿ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಆದರೆ ಫ್ರಿಜ್‌ನಲ್ಲಿ ಹಣ್ಣು ಇರಬಾರದು. ಸೇಬು ಬಾಳೆಹಣ್ಣುಗಳ ಉಸಿರು ತಾಗಿದರೆ ಮೊಗ್ಗು ಸಾಯುತ್ತದಂತೆ. ಅವರ ಫ್ರಿಜ್ ತುಂಬ ಸೇಬು. ನಮ್ಮಲ್ಲಿ ಫ್ರಿಜ್‌ಗೆ ಹಣ್ಣೇ ಹೋಗುವುದಿಲ್ಲ. ತಣ್ಣಗಿನ ಹಣ್ಣು ತಿಂದರೆ ಮಕ್ಕಳಿಗೆ ಶೀತ ಎಂದು ನಮ್ಮತ್ತೆ ಹಾಕಿಕೊಟ್ಟ ನಿಯಮ. ಹಾಗಾಗಿ ಇಡೀ ಮಿರ್ದಿಫ್‌ನಲ್ಲಿ ಆ ಬಳ್ಳಿಗೆ ಚಳಿಗಾಲ ಸಿಕ್ಕಿದ್ದು ನಮ್ಮ ಮನೆಯಲ್ಲಿ.

"ಎಲ್ಲಿ ನೆಡ್ತೀರಿ?" ಎಂದು ಕೇಳಿದೆ.

"ಇವರು ಯುರೋಪಲ್ಲೆಲ್ಲ ಕೆಲಸ ಹುಡುಕ್ತಾ ಇದ್ದಾರೆ. ಜರ್ಮನಿ ಆಗಬಹುದು. ಒಂದು ಅಂಗೈಯಗಲ ಹಿತ್ತಲು ಸಿಕ್ಕಿದ್ರೆ ಸಾಕು. ಇಲ್ಲಿ ನೆಟ್ರೆ ಪ್ರಯೋಜನ ಇಲ್ಲ, ನಿದ್ದೆ ಸಿಗ್ಲಿಕ್ಕಿಲ್ಲ ಅದಕ್ಕೆ. ಎಲೆ ಬಿಟ್ಟು ಬಿಟ್ಟು ಸಾಯ್ತದೆ." ಒಂದು ಕಡ್ಡಿಯನ್ನು ಎತ್ತಿ ಉಗುರಿನಿಂದ ತೊಗಟೆಯನ್ನು ಚೂರು ಕೆರೆದು ತೋರಿಸಿದಳು. ಒಳಗೆ ಹಸಿರು, ಎಳೆ ಹೀರೇಕಾಯಿಯ ಹಸಿರು. "ಇದು ಜೀವ. ಕಂದಾದ್ರೆ ಮುಗೀತು."

ಮಾರ್ಚಿನಲ್ಲಿ ಕೆಲಸ ಸಿಕ್ಕಿತು. ಜರ್ಮನಿಯಲ್ಲಲ್ಲ, ದೋಹಾದಲ್ಲಿ. ಮತ್ತೆ ಮರಳು. ಹನ್ನೊಂದನೇ ಮಹಡಿಯ ಫ್ಲ್ಯಾಟ್. ಸಾಮಾನು ಕಟ್ಟುವವರು ಬಂದು ಮನೆಯನ್ನು ಖಾಲಿ ಮಾಡುವಾಗ ಆಕೆ ಕಿಟಕಿಯ ಬೆಡ್‌ಶೀಟುಗಳನ್ನು ಬಿಚ್ಚಿ ಮಡಚುತ್ತಿದ್ದಳು. ಕಡ್ಡಿಗಳು ನಿನ್ನಲ್ಲೇ ಇರಲಿ, ಇವರು ಇನ್ನೂ ಅರ್ಜಿ ಹಾಕುತ್ತಿದ್ದಾರೆ, ಏನಾದರೂ ಆದರೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಳು. ನಾನು ಹೂಂ ಎಂದೆ. ಟ್ಯಾಕ್ಸಿಯವನು ಯಲ್ಲಾ ಯಲ್ಲಾ ಎಂದು ಅವಸರಪಡಿಸುತ್ತಿದ್ದ. ಅಪ್ಪಿಕೊಂಡಾಗ ಆಕೆಯ ಕೂದಲಿನಲ್ಲಿ ರಟ್ಟಿನ ಡಬ್ಬಿಗಳ ಧೂಳಿನ ವಾಸನೆ ಇತ್ತು.

ವಾರಕ್ಕೊಮ್ಮೆ ಪೇಪರ್ ಬದಲಿಸಿ ಒದ್ದೆ ಮಾಡುತ್ತಿದ್ದೆ. ಏಪ್ರಿಲ್ ಹೋಯಿತು, ಮೇ ಹೋಯಿತು. ಜುಲೈನಲ್ಲಿ ಮೈಸೂರಿಗೆ ರಜೆಗೆ ಹೊರಡುವ ದಿನ ನಮ್ಮವರು ಎಂದಿನಂತೆ ಮೇನ್ ಸ್ವಿಚ್ ಹತ್ತಿರ ನಿಂತರು. ಗಲ್ಫಿನ ಗಂಡಸರಿಗೆ ರಜೆ ಶುರುವಾಗುವುದೇ ಆ ಸ್ವಿಚ್ ಇಳಿಸಿದಾಗ.

"ರೀ, ಫ್ರಿಜ್ ಇರಲಿ."

"ನಾಲ್ಕು ಕಡ್ಡಿಗೋಸ್ಕರ ಬೇಸಿಗೆಯೆಲ್ಲಾ ಫ್ರಿಜ್ ಓಡಿಸ್ಬೇಕಾ? ಅವರಿಗೇ ನೆನಪಿದೆಯೋ ಇಲ್ವೋ."

"ನನಗೆ ನೆನಪಿದೆಯಲ್ಲ."

ಅವರು ನನ್ನ ಮುಖ ನೋಡಿ ಸ್ವಿಚ್ಚಿನಿಂದ ಕೈ ತೆಗೆದರು. "ಸರಿ ಕಣೇ. ನುಗ್ಗೆಕಾಯಿಗೆ ಎಸಿ, ನಮಗೆ ಮೈಸೂರಲ್ಲಿ ಸೊಳ್ಳೆ" ಎಂದು ಸೂಟ್‌ಕೇಸ್ ಎತ್ತಿದರು.

ನಾವು ತಿರುಗಿ ಬಂದ ಕೆಲವು ದಿನಕ್ಕೆ ದೋಹಾದಿಂದ ಫೋನ್ ಬಂತು. ಮಕ್ಕಳ ಸ್ಕೂಲು, ಅಲ್ಲಿನ ಮೀನು, ಇಲ್ಲಿನ ಬಾಡಿಗೆ, ಎಲ್ಲ ಆಯಿತು. ಮಾವ ಊರಿನ ಮನೆಯನ್ನೂ ಬಿಟ್ಟು ತಮ್ಮ ಮಗಳ ಊರಿಗೆ ಹೋದರಂತೆ. ಇಳಿಜಾರಿನಲ್ಲಿ ಕುರಿಗಳಿವೆಯಂತೆ. ಗಂಡ ದೋಹಾದಲ್ಲೇ ಇನ್ನಷ್ಟು ವರ್ಷದ ಕಾಂಟ್ರಾಕ್ಟಿಗೆ ಸಹಿ ಹಾಕಿದನಂತೆ, ಇನ್ನು ಅರ್ಜಿ ಗಿರ್ಜಿ ಏನಿಲ್ಲ. ಆಮೇಲೆ, "ಕಡ್ಡಿ ಬಿಸಾಡಿದ್ಯಾ?" ಎಂದಳು.

"ಇಲ್ಲ. ಇದೆ."

"ಇನ್ನೂ ಉಂಟಾ?" ಆಕೆಯ ಸ್ವರ ಬದಲಾಯಿತು. "ಒಂದು ಕೆರೆದು ನೋಡು ಮಾರಾಯ್ತಿ. ಫೋನ್ ಇಡಬೇಡ."

ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಫ್ರಿಜ್ ತೆರೆದೆ. ಪೇಪರ್ ಒದ್ದೆಯಾಗಿಯೇ ಇತ್ತು. ಒಂದು ಕಡ್ಡಿ ತೆಗೆದು ಆಕೆ ತೋರಿಸಿದ ಹಾಗೆ ಉಗುರಿನಿಂದ ಕೆರೆದೆ. ಕಂದು.

"ಏನಾಯ್ತು?"

"ಇನ್ನೊಂದು ನೋಡ್ತೀನಿ ಇರಿ."

ಅದೂ ಕಂದು. ಮತ್ತೊಂದರ ಗಿಣ್ಣಿನ ಹತ್ತಿರ ಕೆರೆದೆ, ಬುಡದಲ್ಲಿ ಕೆರೆದೆ. ಚಹಾದ ಸೊಪ್ಪಿನ ಬಣ್ಣ. ಮೇಲೆ ವಿಮಾನ ಬಂತು. ಅದು ಹಾದುಹೋಗುವಷ್ಟರಲ್ಲಿ ಉಳಿದವನ್ನೂ ಒಂದೊಂದಾಗಿ ಕೆರೆದೆ. ಉಗುರಿನ ಸಂದಿಯಲ್ಲಿ ಮರದ ಪುಡಿ ತುಂಬಿತು.

"ನಿಮ್ಮಲ್ಲಿ ಇನ್ನೂ ವಿಮಾನ ಹೀಗೇ ಹೋಗ್ತದಾ" ಎಂದಳು. ಆಮೇಲೆ, "ಎಲ್ಲವನ್ನೂ ನೋಡಿದ್ಯಾ?"

"ನೋಡಿದೆ."

"ಹಸಿರು?"

"ಇಲ್ಲ."

ಆ ಕಡೆ ಎಸಿಯ ಸದ್ದು ಕೇಳುತ್ತಿತ್ತು. "ಖಲಾಸ್" ಎಂದಳು, ಗ್ರೋಸರಿಯಲ್ಲಿ ಸಾಮಾನು ಮುಗಿದಿದೆ ಎನ್ನುವ ಹಾಗೆ. "ಅಷ್ಟು ದಿನ ಇಡ್ಲಿಕ್ಕೆ ಯಾರು ಹೇಳಿದ್ದು ನಿನಗೆ. ಇವತ್ತೆಂತ ಅಡಿಗೆ?"

"ಹುಳಿ" ಎಂದೆ. "ಸೋರೆಕಾಯಿ ಹುಳಿ."

"ನಾನೂ ಇನ್ನು ಅಡಿಗೆಗೆ ಏನಾದ್ರೂ ಮಾಡ್ಬೇಕು" ಎಂದು ಆಕೆ ಫೋನ್ ಇಟ್ಟಳು.

ಕಡ್ಡಿಗಳನ್ನು ಅದೇ ಪೇಪರಿನಲ್ಲಿ ಸುತ್ತಿ ಗಲ್ಲಿಯ ಕೊನೆಯ ಕಸದ ಡಬ್ಬಿಗೆ ಹಾಕಿ ಬಂದೆ. ಹೋಗುವಾಗ ಬಿಸಿಲು, ಬರುವಾಗ ಬಿಸಿಲು. ಎದುರು ವಿಲ್ಲಾಕ್ಕೆ ಬಂದ ಹೊಸಬರು ಕಿಟಕಿಗೆ ಒಳ್ಳೆಯ ದಪ್ಪ ಪರದೆ ಹಾಕಿಸಿದ್ದರು. ಮನೆಗೆ ಬಂದು ಡ್ರಾಯರ್ ತೊಳೆದು ಒರೆಸಿ, ಕೊತ್ತಂಬರಿ ಕಟ್ಟನ್ನು ಬಿಡಿಸಿ ಇಟ್ಟೆ.